ಮೂರನೆಯ ಓದು

ದೀಪಗಳನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಕಾಲವಂತೆ ಅದು. ಹುಣಸೆಮರದ ಬುಡದ ಮನೆಯೊಂದರಲ್ಲಿ ಏಳು ಮಂದಿ ಅಕ್ಕತಂಗಿಯರು ನೇಯ್ಗೆ ಮಾಡಿಕೊಂಡಿದ್ದರು. ಹಿರಿಯವಳಿಗೆ ಸೆರಗು ಬರುತ್ತಿತ್ತು, ಅಂಚು ಬರುತ್ತಿರಲಿಲ್ಲ. ಅವಳ ತಂಗಿಗೆ ಅಂಚು ಬರುತ್ತಿತ್ತು, ಬಣ್ಣ ಬರುತ್ತಿರಲಿಲ್ಲ. ಹೀಗೆ ಒಬ್ಬೊಬ್ಬಳಿಗೆ ಒಂದೊಂದು ಕೊರತೆ. ಒಂದು ಸೀರೆ ಮುಗಿಯಬೇಕೆಂದರೆ ಅದು ಏಳೂ ಮಗ್ಗ ಸುತ್ತಬೇಕು, ಏಳು ಜಗಳ ಆಗಬೇಕು. ಈ ಗದ್ದಲಕ್ಕೆ ನಿದ್ದೆಗೆಟ್ಟ ಹುಣಸೆಮರದ ಯಕ್ಷಿ ಒಂದು ದಿನ ಕೆಳಗಿಳಿದು ಬಂದು ಅವರೆಲ್ಲರ ಜಡೆಗಳನ್ನು ಒಂದೇ ಎಳೆಯಿಂದ ಕಟ್ಟಿದಳು. ಇನ್ನು ಮೇಲೆ ಒಬ್ಬಳ ಕನಸನ್ನು ಎಲ್ಲರೂ ಕಾಣಿರಿ, ಒಬ್ಬಳು ಕಲಿತದ್ದು ಎಲ್ಲರಿಗೂ ಬರಲಿ ಅಂದಳು.

ಜಗಳ ನಿಂತುಹೋಯಿತು. ಅವರ ಸೀರೆಗಳ ಹೆಸರು ಏಳು ಊರಾಚೆಗೂ ಹೋಯಿತು. ಅರಮನೆಯಿಂದ ಮದುವೆ ಸೀರೆಗೆ ಹೇಳಿಕಳಿಸಿದರು. ಆದರೆ ನೂಲು ಅದ್ದುವ ಸಂಜೆ ಆರನೆಯವಳ ಕಣ್ಣಿಗೆ ಒಲೆಯ ಹೊಗೆ ಹೊಕ್ಕು, ಕಪ್ಪು ನೂಲು ಅವಳಿಗೆ ಕೆಂಪಾಗಿ ಕಂಡಿತು. ಅವಳಿಗೆ ಕಂಡ ಮೇಲೆ ಎಲ್ಲರಿಗೂ ಹಾಗೆಯೇ ಕಂಡಿತು. ಮದುಮಗಳಿಗೆಂದು ಕಪ್ಪು ಸೀರೆ ನೇಯ್ದು ಮಡಿಸಿಟ್ಟು, ಒಬ್ಬರನ್ನೊಬ್ಬರು ಕೇಳಿಕೊಂಡರು: ಬಣ್ಣ ಸರಿ ಬಂದೈತೇನು? ಎಲ್ಲರೂ ಅಂದರು: ಕೆಂಪು ಚಂದ ಬಂದೈತಿ.

ಆಯಿ ಕಥೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದೇನಾಯಿತೆಂದು ನಾನು ಕಾಡಿದರೆ, "ಹೊರಗಿನಾಕಿ ಒಬ್ಬಾಕಿ ಬಂದು ಹೇಳಬೇಕಾತವಾ" ಎನ್ನುತ್ತಿದ್ದಳು. ಹೇಳಿದ ಮೇಲೆ ಅವಳನ್ನು ಅವರು ಏನು ಮಾಡಿದರು ಎಂದರೆ, "ಅದು ನಾಳೆ."

ಆ ನಾಳೆ ಬರುವ ಮೊದಲೇ ಆಯಿ ಹೋಗಿಬಿಟ್ಟಳು. ಬೆಟಗೇರಿಯ ಮಗ್ಗದ ಮನೆಯ ಅಂಬವ್ವ ಅವಳು, ನನ್ನ ಅವ್ವನ ಅವ್ವ. ಅವಳ ಮನೆಯಲ್ಲಿ ಮಕ್ಕಳು ಮುಟ್ಟಬಾರದಿದ್ದ ಪಾತ್ರೆ ಒಂದೇ ಒಂದು, ಹಿತ್ತಲಲ್ಲಿ ನೀಲಿ ಬಣ್ಣ ಕದಡಿಟ್ಟ ಹರವಿ. ಅವ್ವ ಆ ಭಯವನ್ನು ತನ್ನ ಕೆಲಸಕ್ಕೂ ಒಯ್ದಿದ್ದಳು.

ಅವ್ವ ಅಂದರೆ ಡಾ. ಕಮಲಾಕ್ಷಿ ಹೊಸಕೋಟಿ. ಗದಗಿನ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಔಷಧ ತಯಾರಿಕೆ ಕಲಿಸುವ ಪ್ರಾಧ್ಯಾಪಕಿ. ಊರಿನ ಮಕ್ಕಳ ಆಸ್ಪತ್ರೆಗೆ ಬೇಕಾದ ಪುಟ್ಟ ಪುಟ್ಟ ಪುಡಿಯ ಪೊಟ್ಟಣಗಳು ತಯಾರಾಗುತ್ತಿದ್ದದ್ದು ಅವಳ ಪ್ರಯೋಗಾಲಯದಲ್ಲೇ. ಹೃದಯದಲ್ಲಿ ರಂಧ್ರವಿದ್ದು ಹುಟ್ಟುವ ಕೂಸುಗಳಿಗೆ ಒಂದು ಔಷಧ ಕೊಡುತ್ತಾರೆ. ಹೃದಯಕ್ಕೆ ಒಂದಿಷ್ಟು ಬಲ ಬರಲು ಅದು ಎಷ್ಟು ಕಡಿಮೆ ಬೇಕೆಂದರೆ, ಯಾವ ತಕ್ಕಡಿಯೂ ನೆಟ್ಟಗೆ ತೂಗಲಾರದು. ಹಾಗಾಗಿ ಅದನ್ನು ಹಾಲುಸಕ್ಕರೆಯಲ್ಲಿ ಅರೆದು ಮೊದಲು ಹತ್ತರಲ್ಲಿ ಒಂದು ಪಾಲು ಔಷಧವಿರುವ ಪುಡಿ ಮಾಡುತ್ತಾರೆ. ಅದನ್ನೇ ಮತ್ತೆ ಸಕ್ಕರೆಯಲ್ಲಿ ಅರೆದು ನೂರರಲ್ಲಿ ಒಂದು ಪಾಲಿರುವ ಪುಡಿ ಮಾಡುತ್ತಾರೆ. ಕೂಸಿಗೆ ತೂಗುವುದು ಈ ಎರಡನೆಯದನ್ನು. ಕೈತಪ್ಪಿ ಮೊದಲನೆಯದನ್ನು ತೂಗಿದರೆ, ಬಲ ಕೊಡಬೇಕಾದದ್ದೇ ಹೃದಯವನ್ನು ನಿಲ್ಲಿಸುತ್ತದೆ.

ಎರಡೂ ಬಿಳಿ ಪುಡಿ, ಎರಡೂ ಕಂದು ಬಾಟಲಿ. ಜೋರಿನ, ಅಂದರೆ ಹತ್ತರಲ್ಲಿ ಒಂದರ, ಬಾಟಲಿಯ ಕೊರಳಿಗೆ ಅವ್ವ ಆಯಿಯ ಮಗ್ಗದ ನೀಲಿ ದಾರ ಸುತ್ತಿ, ನೇಕಾರರು ಹಾಕುವ ಗಂಟನ್ನು ಜೋಡಿಯಾಗಿ ಹಾಕಿಡುತ್ತಿದ್ದಳು. ನೀಲಿ ಅಂದರೆ ಮುಟ್ಟುವ ಮೊದಲು ನಿಲ್ಲು ಎಂದು. ಕರೆಂಟು ಹೋದರೂ ಬೆರಳಿಗೆ ತಿಳಿಯಲಿ ಎಂದು ಜೋಡಿಗಂಟು.

ಇದರ ಮೇಲೆ ಮೂರು ಓದು. ಕಪಾಟಿನಿಂದ ಬಾಟಲಿ ತೆಗೆದಾಗ ಚೀಟಿಯನ್ನು ಗಟ್ಟಿಯಾಗಿ ಓದಬೇಕು. ತೂಗುವ ಮೊದಲು ಇನ್ನೊಮ್ಮೆ. ತಿರುಗಿ ಇಡುವಾಗ ಮತ್ತೊಮ್ಮೆ. ಒಬ್ಬರು ಓದುವುದು, ಇನ್ನೊಬ್ಬರು ಕೇಳಿ ನೋಡುವುದು. ಔಷಧದವರ ಹಳೆಯ ಪದ್ಧತಿ ಅದು, ಅವ್ವ ಕಂಡುಹಿಡಿದದ್ದಲ್ಲ. ಹುಡುಗರು ಮಾತ್ರ ಹೊಸಕೋಟಿ ಮೇಡಮ್ಮಾರ ಭಜನಿ ಎಂದು ನಗುತ್ತಿದ್ದರು.

ನಾನು ಎಂ.ಫಾರ್ಮ್ ಮುಗಿಸಿ ಅದೇ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ ವರ್ಷ ಕಾಲೇಜು ಮುಚ್ಚುವ ಮಾತು ಎದ್ದಿತು. ಔಷಧದ ಅಂಗಡಿಗಳಲ್ಲೆಲ್ಲ ಯಂತ್ರಗಳು ಕೂತಿದ್ದವು. ಪದವಿ ಮುಗಿಸಿದವರು ಅವುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಅವು ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಪತ್ರಿಕೆಗಳ ಉದ್ಯೋಗ ಪುರವಣಿಗಳು ಪ್ರತಿ ವಾರ ಹೊಸ ದಿಕ್ಕು ತೋರಿಸುತ್ತಿದ್ದವು: ಔಷಧ ವಿನ್ಯಾಸ, ರೋಗಿಯ ಜೀನು ನೋಡಿ ಮಾತ್ರೆ ಹೊಂದಿಸುವುದು, ಅಡ್ಡಪರಿಣಾಮಗಳ ಲೆಕ್ಕಶಾಸ್ತ್ರ. ಇವನ್ನೆಲ್ಲ ಕಲಿಸುವವರು ಗದಗಿನಂಥ ಊರಿಗೆ ಎಲ್ಲಿಂದ ಬರಬೇಕು? ಒಂದು ಕಾಲೇಜಿನಲ್ಲಿ ಒಬ್ಬರಿದ್ದರೆ ಇನ್ನೊಂದರಲ್ಲಿ ಇನ್ನೊಬ್ಬರು. ಆಯಿಯ ಕಥೆಯ ಮನೆಯಂತೆಯೇ.

ಯಕ್ಷಿ ಈ ಸಲ ಕಂಪನಿಯ ರೂಪದಲ್ಲಿ ಬಂದಳು. ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರುವ ಅಕ್ಕಿಕಾಳಿನಷ್ಟು ಸಾಧನ. ಹೆಸರು 'ಎಳೆ'. ಮನುಷ್ಯ ಮಲಗಿದಾಗ ಮೆದುಳು ಹಗಲು ಕಲಿತದ್ದನ್ನು ಮತ್ತೆ ಮತ್ತೆ ಉರುಹೊಡೆಯುತ್ತದೆ. ಉರುಹೊಡೆದದ್ದೇ ನೆನಪಾಗಿ ನಿಲ್ಲುತ್ತದೆ. ಎಳೆ ಆ ಉರುಹೊಡೆತದ ಮಿಡಿತವನ್ನು ಹಿಡಿದು, ಕೂಟದ ಉಳಿದವರು ಮಲಗಿದ್ದಾಗ ಅವರ ಮೆದುಳಿಗೂ ಅದೇ ಲಯದಲ್ಲಿ ತಟ್ಟುತ್ತದೆ. ಬೆಳಿಗ್ಗೆ ಎದ್ದರೆ ಒಬ್ಬರ ವಿದ್ಯೆ ಎಲ್ಲರಲ್ಲೂ ಇರುತ್ತದೆ. ಎರಡು ನೆನಪು ಎದುರುಬದುರಾದರೆ ಹೆಚ್ಚು ಮಂದಿಯಲ್ಲಿರುವುದು ಗಟ್ಟಿಯಾಗುತ್ತದೆ, ಒಬ್ಬರಲ್ಲಷ್ಟೇ ಇರುವುದು ಸವೆಯುತ್ತದೆ. ಕಂಪನಿ ಇದಕ್ಕೆ ಹೊಂದಾಣಿಕೆ ಎಂದು ಹೆಸರಿಟ್ಟಿತ್ತು.

ಐದು ಕಾಲೇಜುಗಳ ಏಳು ಅಧ್ಯಾಪಕರ ಕೂಟವಾಯಿತು. ನಮ್ಮಲ್ಲಿಂದ ಅವ್ವ ಮತ್ತು ರಾಚಪ್ಪ ಮುಗಳಿ ಸರ್. ವಿಜಯಪುರದಿಂದ ನಜೀರ ಕಿಲ್ಲೇದಾರ ಸರ್. ಉಳಿದವರನ್ನು ನಾನು ಪರದೆಯ ಮೇಲಷ್ಟೇ ನೋಡಿದವಳು.

ಎಳೆ ಹಾಕಿಸಿಕೊಳ್ಳಲು ಹೊರಟ ಬೆಳಿಗ್ಗೆ ಅವ್ವ ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಪುಡಿ ಅರೆಯುವ ಕಲ್ಬತ್ತನ್ನು ಒರೆಸಿ ಬೋರಲು ಹಾಕಿದಳು.

"ಶಾಕು, ನನಗೊಂದು ಮಾತು ಕೊಡು. ಏಳು ಮಂದಿ ಒಂದ ಆದಮ್ಯಾಲೆ ಒಬ್ರ ತೂಕ ಇನ್ನೊಬ್ರು ನೋಡೂದಂದ್ರ ಕನ್ನಡಿ ನೋಡ್ಕೊಂಡಂಗ. ನಾ ಓದೂದು ಬಿಟ್ಟೀನಿ ಅಂತ ಕಂಡ್ರ, ನನ್ನ ಬದಲಿ ನೀ ಓದಬೇಕು. ಮೂರೂ ಸಲ. ಕಡೀದ್ದು ಬಿಡಬ್ಯಾಡ. ಬಾಟಲಿ ತನ್ನ ಜಾಗಕ್ಕ ಹೋಗೂತನ ಕೆಲಸ ಮುಗಿದಂಗಲ್ಲ."

"ಇಷ್ಟ ಅಂಜಿಕಿ ಇದ್ರ ಯಾಕ ಹಾಕಿಸ್ಕೋತಿ?"

"ಹಾಕಿಸ್ಕೊಳ್ಳದಿದ್ರ ಕಾಲೇಜ ಬಂದ್ ಆಗ್ತದ. ಬಂದ್ ಆದ್ರ ಆ ಕೂಸುಗಳ ಪುಡಿ ಯಾರು ಮಾಡವ್ರು?"

ನಾನು ಮಾತು ಕೊಟ್ಟೆ.

ಮೊದಲ ವರ್ಷ ಹಬ್ಬದ ಹಾಗಿತ್ತು. ಅವ್ವ ಯಾವತ್ತೂ ಓದದ ವಿಷಯಗಳನ್ನು ಇಡೀ ತಾಸು ನಿರರ್ಗಳವಾಗಿ ಕಲಿಸಿ ಬಂದು, ತನಗೇ ಆಶ್ಚರ್ಯವಾದಂತೆ ಕೂರುತ್ತಿದ್ದಳು. ನಮ್ಮ ಹುಡುಗರಿಗೆ ದೊಡ್ಡ ಕಂಪನಿಗಳಿಂದ ಕರೆ ಬಂದವು. ಸಣ್ಣ ಊರಿನ ಕಾಲೇಜುಗಳ ಸಹಯೋಗಕ್ಕೆ ಮಾದರಿ ಎಂದು ಪುರವಣಿಯ ಮುಖಪುಟದಲ್ಲಿ ಕೂಟದ ಚಿತ್ರ ಬಂತು. ಕ್ಯಾಂಟೀನಿನ ಮಲ್ಲವ್ವ ಮುಗಳಿ ಸರ್‌ಗೆ ಎರಡನೆಯ ಪ್ಲೇಟು ಮಿರ್ಚಿ ಭಜಿ ಕೊಡಲು ಒಪ್ಪುತ್ತಿರಲಿಲ್ಲ. "ನೀವು ಇಲ್ಲಿ ತಿಂತೀರಿ, ವಿಜಾಪುರದಾಗ ಆ ನಜೀರ ಸಾಹೇಬ್ರಿಗೆ ಎದಿ ಉರೀತೈತಿ. ಆ ಪಾಪ ನನಗ್ಯಾಕ್ರೀ?" ಎನ್ನುತ್ತಿದ್ದಳು. ಎಲ್ಲರ ಜೊತೆ ನಾನೂ ನಕ್ಕೆ.

ನಗು ನಿಂತದ್ದು ಒಂದು ಸಂತೆಯ ದಿನ. ಅವ್ವ ಚೀಲದ ತುಂಬ ಸಬ್ಬಸಿಗೆ ಸೊಪ್ಪು ತಂದಿದ್ದಳು. ಆ ವಾಸನೆಗೇ ಮೂಗು ಮುಚ್ಚುತ್ತಿದ್ದವಳು ಕಟ್ಟು ಬಿಚ್ಚಿ ಸೋಸುತ್ತ ಕೂತಳು. ಸೋಸುತ್ತ ಸೋಸುತ್ತ ಅಳತೊಡಗಿದಳು. ಏನೆಂದು ಕೇಳಿದರೆ, ಜುಬೇದಾಗ ಇದು ಬಾಳ ಸೇರ್ತಿತ್ತು ಅಂದಳು. ಜುಬೇದಾ ನಜೀರ ಸರ್ ಅವರ ಹೆಂಡತಿ. ತೀರಿಹೋಗಿ ವರ್ಷಗಳಾಗಿದ್ದವು. ಅವ್ವ ಅವಳ ಮುಖವನ್ನೇ ನೋಡಿದವಳಲ್ಲ.

ವಿದ್ಯೆ ಮಾತ್ರ ಹರಿಯುತ್ತದೆ, ಮನೆಯ ಮಾತು ಹರಿಯುವುದಿಲ್ಲ ಎಂದು ಕಂಪನಿ ಹೇಳಿತ್ತು. ಆದರೆ ನೆನಪೆಂಬುದು ಕಪಾಟಿನಂತೆ ಅಂಕಣ ಅಂಕಣವಾಗಿ ಇರುವುದಲ್ಲವಲ್ಲ. ಕಷಾಯ ಸೋಸುವುದನ್ನು ನೆನೆದರೆ, ಅದನ್ನು ಸೋಸುತ್ತಿದ್ದ ದಿನ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದವಳೂ ಅದರೊಳಗೆ ಇರುತ್ತಾಳೆ.

ಆ ಸಂಜೆ ಅವ್ವ ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಮುಂದೆ ನಿಂತಿದ್ದಳು. ನಾನು ಚಿಕ್ಕವಳಿದ್ದಾಗಲೇ ಹೋದವನು ಅಪ್ಪ.

"ನಿಮ್ಮಪ್ಪ ಹೆಂಗ ನಗ್ತಿದ್ದ, ಶಾಕು?"

"ನನಗೆಲ್ಲಿ ನೆನಪೈತಿ? ನೀನ ಹೇಳ್ತಿದ್ದಿ, ಮೊದಲ ಭುಜ ನಗ್ತಿತ್ತು, ಆಮ್ಯಾಲೆ ಬಾಯಿ ಅಂತ."

"ಹೌದಾ?" ಎಂದು ಬೇರೆ ಯಾರದೋ ಸುದ್ದಿ ಕೇಳಿದವಳಂತೆ ತಲೆಯಾಡಿಸಿದಳು. "ಜುಬೇದಾ ನಗೂದು ಕಿವ್ಯಾಗ ಐತಿ. ಇವ್ರದು ಹುಡುಕಾಕತ್ತೀನಿ, ಸಿಗವಲ್ದು."

ನಾನು ಆಯಿಯ ಕಥೆ ಹೇಳು ಎಂದು ಕೇಳಿದೆ, ಅವಳು ಎಷ್ಟು ಉಳಿದಿದ್ದಾಳೆ ನೋಡೋಣವೆಂದು. ಹೇಳಿದಳು. ಹುಣಸೆಮರ ಬೇವಿನಮರವಾಗಿತ್ತು, ಯಕ್ಷಿ ಫಕೀರನಾಗಿದ್ದ. ಕೊನೆಯಲ್ಲಿ ಸೀರೆ ಕೆಂಪಾಗಿಯೇ ಬಂತು. ಹೊರಗಿನವಳು ಬರಲೇ ಇಲ್ಲ.

ಕಾಲೇಜಿನಲ್ಲಿ ಒಣಗಿದ ಬೇರು ತೊಗಟೆಗಳ ಜಾಡಿಗಳಿದ್ದ ಹಳೆಯ ಕೋಣೆಯನ್ನು ಖಾಲಿ ಮಾಡಿ, ಅಲ್ಲಿ ಎಳೆಗಳ ಉಸ್ತುವಾರಿ ಇಟ್ಟಿದ್ದರು. ಜಾಡಿಗಳು ಹೋದರೂ ಬಜೆಯ ಘಾಟು ಹೋಗಿರಲಿಲ್ಲ. ಉಸ್ತುವಾರಿಗೆ ಕಂಪನಿ ಕಳಿಸಿದ್ದ ಗಿರಿಮಲ್ಲ ಒಳ್ಳೆಯ ಹುಡುಗ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಮೊದಲ ತಿಂಗಳು ಪರದೆಯ ಮೇಲೆ ಏಳು ಬಣ್ಣದ ಗೆರೆಗಳು ಬೇರೆ ಬೇರೆ ಕುಣಿಯುತ್ತಿದ್ದುದನ್ನು ನಾನೇ ನೋಡಿದ್ದೆ. ಈಗ ಒಂದೇ ದಪ್ಪ ಗೆರೆ. ಇಷ್ಟು ಚಂದದ ಹೊಂದಾಣಿಕೆ ದೇಶದಲ್ಲೇ ಇಲ್ಲ ಎಂದು ಅವನು ಹಿಗ್ಗಿನಿಂದ ಹೇಳಿದ. ಈ ಗೆರೆಯೇ ತಪ್ಪು ದಾರಿ ಹಿಡಿದರೆ ತಿಳಿಯುವುದು ಹೇಗೆ ಎಂದು ಕೇಳಿದೆ. ಬೇರೆ ಗೆರೆ ಇದ್ದರಲ್ಲವೇ ಮೇಡಮ್, ಹೋಲಿಸಿ ನೋಡುವುದು ಎಂದ. ಹೇಳಿದ ಮೇಲೆ ಅವನೂ ಒಂದು ಗಳಿಗೆ ಪರದೆಯನ್ನೇ ನೋಡಿದ.

ಆಸ್ಪತ್ರೆಯ ಪುಡಿ ತಯಾರಾಗುವ ಒಳಕೋಣೆಗೆ ಆಗಲೇ ಗಾಜಿನ ಗೋಡೆ ಬಂದಿತ್ತು. ಎಳೆ ಇಲ್ಲದವರಿಗೆ ಪ್ರವೇಶವಿಲ್ಲ, ಗಮನ ಕದಡುತ್ತದಂತೆ. ನಾನು ಹೊರಗೆ ನಿಂತು ಅವ್ವನ ತುಟಿಗಳನ್ನು ನೋಡುತ್ತಿದ್ದೆ. ಬಹಳ ದಿನ ಅವು ಆಡುತ್ತಿದ್ದವು. ತೆಗೆಯುವಾಗ, ತೂಗುವಾಗ, ಇಡುವಾಗ. ಆಮೇಲೆ ಇಡುವಾಗಿನದು ನಿಂತಿತು. ಆಮೇಲೆ ಉಳಿದವೂ. ಅವ್ವ ತೂಗುವಳು, ಮುಗಳಿ ಸರ್ ನೋಡಿ ತಲೆಯಾಡಿಸುವರು, ಎದುರಿಗಿದ್ದ ಕ್ಯಾಮರಾ ಹಸಿರು ದೀಪ ಹಚ್ಚುವುದು. ಕ್ಯಾಮರಾ ನೋಡುತ್ತಿದ್ದದ್ದು ಚೀಟಿಯ ಮೇಲೆ ಅಚ್ಚಾಗಿದ್ದ ಔಷಧದ ಹೆಸರನ್ನು. ಎಷ್ಟರಲ್ಲಿ ಎಷ್ಟು ಎಂಬುದು ಅವ್ವನ ಕೈಬರಹದಲ್ಲಿತ್ತು.

ನಾನು ಪ್ರಾಚಾರ್ಯರ ಬಳಿ ಹೋದೆ, ನನ್ನನ್ನು ಒಳಗೆ ಬಿಡಿ, ಸುಮ್ಮನೆ ಪಕ್ಕದಲ್ಲಿ ನಿಂತು ಓದುತ್ತೇನೆ ಎಂದು ಕೇಳಿದೆ. ಅವರು ನಕ್ಕು, ಒಳಗೆ ಹೋಗುವ ದಾರಿ ನಿನಗೂ ತೆರೆದೇ ಇದೆಯಲ್ಲಮ್ಮ ಅಂದರು. ಎಂಟನೆಯ ಎಳೆಗೆ ನನ್ನ ಹೆಸರನ್ನೇ ಕಳಿಸಿದ್ದರಂತೆ. ಹಾಕಿಸಿಕೊಂಡರೆ ಕಾಯಂ ಕೆಲಸ. ಇಲ್ಲವಾದರೆ ಈ ವರ್ಷಕ್ಕೇ ಮುಗಿಯಿತು, ಎಳೆ ಇಲ್ಲದ ಅಧ್ಯಾಪಕರನ್ನು ಇನ್ನು ಯಾವ ಕಾಲೇಜೂ ಕರೆಯುವುದಿಲ್ಲ.

ಹೊರಗಿದ್ದರೆ ಓದಲು ಬಿಡುವುದಿಲ್ಲ. ಒಳಗೆ ಹೋದರೆ ಓದಲು ಬರುವುದಿಲ್ಲ. ನಾನು ಕೊಟ್ಟ ಮಾತು ಆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿತ್ತು.

ಅವ್ವನಿಗಂತೂ ನಾನು ಒಳಗೆ ಬರಬೇಕು. ರೊಟ್ಟಿ ಬಡಿಯುತ್ತ ಒಂದು ಬೆಳಿಗ್ಗೆ ಹೇಳಿದಳು, "ಬಾರವಾ ಒಳಗ. ನಿನ್ನ ನೋಡಿದ್ರ ನನಗ ಬಾಗಲಾಗ ನಿಂತ ಯಾರೋ ಕಂಡಂಗ ಆಗ್ತದ. ನೀ ಬಂದ್ರ ನಿನ್ನೂ ನೆನಪಿಟ್ಕೋತೀನಿ."

ಅದು ಬೆದರಿಕೆಯಲ್ಲ. ಬರದಿದ್ದರೆ ನಾನೂ ಅಪ್ಪನ ಫೋಟೋ ಆಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು, ಅಷ್ಟೇ. ನಾನು ಕೈಯಲ್ಲಿದ್ದ ರೊಟ್ಟಿ ಮುರಿಯಲಾರದೆ ಕೂತೆ. ಒಂದು ರುಜು ಹಾಕಿದರೆ ಕೆಲಸ ಬರುತ್ತಿತ್ತು, ಅವ್ವ ಬರುತ್ತಿದ್ದಳು. ಆಯಿಯ ಹರವಿಯ ನೀಲಿಯೊಂದನ್ನು ಬಿಟ್ಟುಕೊಟ್ಟರೆ ಸಾಕಿತ್ತು.

ಅದೇ ವಾರ ಆಸ್ಪತ್ರೆಯಿಂದ ಫೋನು ಬಂತು. ಬೆಟಗೇರಿಯ ನೇಕಾರರೊಬ್ಬರ ಕೂಸು, ಇನ್ನೂ ಹೆಸರಿಟ್ಟಿರದ ಹೆಣ್ಣುಕೂಸು. ಸೋಮವಾರ ಹೊಸ ಪೊಟ್ಟಣ ಶುರುವಾದ ಮೇಲೆ ಹಾಲು ಬಿಟ್ಟಿತ್ತು, ನಾಡಿ ಇಳಿಯುತ್ತಿತ್ತು. ಪುಡಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ ಎಂದು ವೈದ್ಯರು ಕೇಳಿದ್ದರು. ಕೂಟ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಏಳೂ ಮಂದಿ ತಮ್ಮ ತಮ್ಮ ಪ್ರಯೋಗಾಲಯದಲ್ಲಿ ಅದೇ ಪುಡಿ ತೂಗಿ, ಮಲಗಿ, ಎದ್ದು, ಒಬ್ಬರ ಕೆಲಸವನ್ನೊಬ್ಬರು ಒಳಗಿನಿಂದಲೇ ನೋಡಿದರು. ಎಲ್ಲವೂ ಸರಿ. ಹಾಗೆಂದು ಏಳು ಅಧ್ಯಾಪಕರ ಅಭಿಪ್ರಾಯ ಆಸ್ಪತ್ರೆಗೆ ಹೋಯಿತು. ಏಳು ಮಂದಿ ಹೇಳಿದ ಮೇಲೆ ವೈದ್ಯರು ಕೂಸಿನ ಹೃದಯದಲ್ಲೇ ಕಾರಣ ಹುಡುಕತೊಡಗಿದರು.

ಆ ವಾರದ ಕೊನೆಗೆ ನನ್ನ ರುಜುವಿಗೆ ದಿನ ಗೊತ್ತುಮಾಡಿದ್ದರು. ರುಜುವಿಗೆ ಮೊದಲು ಒಳಕೋಣೆಯನ್ನು ತೋರಿಸುವ ಪದ್ಧತಿ ಇತ್ತು. ಮಧ್ಯಾಹ್ನ ಗಿರಿಮಲ್ಲ ಗಾಜಿನ ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟ. ಅವ್ವ ಕೈಗವಸು ಹಾಕಿಕೊಂಡು ಅದೇ ಕೂಸಿಗೆ ಮುಂದಿನ ಪೊಟ್ಟಣಗಳನ್ನು ಮಾಡುತ್ತಿದ್ದಳು. ಪಕ್ಕದಲ್ಲಿ ಮುಗಳಿ ಸರ್. ಅವ್ವ ತಿರುಗಿ ನೋಡದೆ ಕಪಾಟಿಗೆ ಕೈ ಚಾಚಿ ಕಂದು ಬಾಟಲಿ ತೆಗೆದು ತಕ್ಕಡಿಯ ಪಕ್ಕ ಇಟ್ಟಳು. ಅದರ ಕೊರಳಲ್ಲಿ ನೀಲಿ ದಾರವಿತ್ತು.

ಕಪಾಟಿನಿಂದ ತೆಗೆದಾಗಿನ ಓದು. ನಾನು ಚೀಟಿಯ ಮೇಲೆ ಬಗ್ಗಿ ಗಟ್ಟಿಯಾಗಿ ಓದಿದೆ, ಔಷಧದ ಹೆಸರು, ಆಮೇಲೆ, "ಹತ್ತರಲ್ಲಿ ಒಂದು."

ಮುಗಳಿ ಸರ್ ನನ್ನನ್ನು ಕರುಣೆಯಿಂದ ನೋಡಿದರು. "ನೂರರಾಗ ಒಂದವಾ. ನೀಲಿ ಅಂದ್ರ ಹಗುರಿಂದು."

"ಸರ್, ನಮ್ಮಲ್ಲಿ ನೀಲಿ ಅಂದ್ರ ಜೋರಿಂದು. ಮೊದಲಿಂದ ಹಂಗ ಐತಿ."

"ಹೊರಗಿದ್ದವ್ರಿಗೆ ಹಂಗ ಅನಸ್ತದ. ಎಳಿ ಕೂತಮ್ಯಾಲೆ ನಿನಗೂ ಸರಿ ಕಾಣಸ್ತದ."

ಆಗ ನನಗೆ ಎಲ್ಲವೂ ಒಮ್ಮೆಲೇ ಕಂಡಿತು. ಉಳಿದ ನಾಲ್ಕು ಕಾಲೇಜುಗಳಲ್ಲಿ ಹಗುರ ಪುಡಿಗೆ ನೀಲಿ ಕಾಗದ ಅಂಟಿಸುತ್ತಾರೆ, ಪರದೆಯ ಮೇಲೆ ಅವರ ಕಪಾಟುಗಳಲ್ಲಿ ನೋಡಿದ್ದೆ. ನೀಲಿ ಅಂದರೆ ಸೌಮ್ಯ, ಕೂಸಿಗೆ ಕೊಡಬಹುದಾದದ್ದು. ಅಲ್ಲಿ ಅವರು ನೀಲಿಗೆ ಕೈಹಾಕಿ ತೂಗಿ ನೋಡಿದಾಗ ತೂಕ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಈ ಕೋಣೆಯಲ್ಲಿ ಮಾತ್ರ, ಅವ್ವನ ನೀಲಿಯಲ್ಲಿ ಮಾತ್ರ. ಅವಳ ನೀಲಿ ಒಂಟಿಯಾಗಿತ್ತು, ಸವೆದುಹೋಗಿತ್ತು.

ಅವ್ವ ಬಾಟಲಿಯ ಬಿರಡೆ ತೆಗೆದು ಚಮಚ ಅದ್ದಿದಳು. ತೂಗುವ ಮೊದಲಿನ ಓದು. ನಾನು ಬಾಟಲಿಯನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಇನ್ನೊಮ್ಮೆ ಓದಿದೆ. "ಹತ್ತರಲ್ಲಿ ಒಂದು. ನಿನ್ನ ಕೈಬರಹ ಅವ್ವ. ನೀನ ಓದು."

ಅವಳು ಓದಿದಳು. ಕಣ್ಣುಗಳು ಆ ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೋದದ್ದನ್ನು ನಾನು ನೋಡಿದೆ. ಎಲ್ಲಿಯೂ ತಡೆಯಲಿಲ್ಲ.

"ನೂರರಾಗ ಒಂದು" ಅಂದಳು.

ಓದಿಸಿ ಪ್ರಯೋಜನವಿರಲಿಲ್ಲ. ಕಣ್ಣು ಅವಳದೇ, ಕಾಣುವವರು ಬೇರೆ. ಅವಳಲ್ಲಿ ಇನ್ನೂ ಅವಳದೇ ಆಗಿ ಉಳಿದಿರಬಹುದಾದದ್ದು ಏನು ಎಂದು ಹುಡುಕಿದೆ. ಇನ್ನೊಂದು ನೆನಪು ಎದುರಾದರೆ ತಾನೇ ನೆನಪು ಸವೆಯುವುದು? ಯಾವುದಕ್ಕೆ ಎದುರಾಳಿಯೇ ಇಲ್ಲವೋ ಅದು? ಆ ಏಳು ಮಂದಿಯಲ್ಲಿ ಮಗ್ಗದ ಮನೆಯಲ್ಲಿ ಬೆಳೆದವಳು ಅವಳೊಬ್ಬಳೇ.

ನಾನು ಅವಳ ಬಲಗೈ ಹಿಡಿದು ಗವಸು ಎಳೆದು ತೆಗೆದೆ. ಮುಗಳಿ ಸರ್ ಬೇಡವೆನ್ನುವಷ್ಟರಲ್ಲಿ ಅವಳ ಹೆಬ್ಬೆರಳನ್ನೂ ತೋರುಬೆರಳನ್ನೂ ಬಾಟಲಿಯ ಕೊರಳಿನ ದಾರದ ಮೇಲೆ ಇಟ್ಟೆ. ಬೆರಳುಗಳು ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ, ಯಾರೂ ಹೇಳದೆ, ಗಂಟನ್ನು ತಡವಿದವು. ಒಂದು ಗಂಟು. ಅದರ ಮಗ್ಗುಲಲ್ಲಿ ಇನ್ನೊಂದು.

"ಜೋಡಿಗಂಟು" ಅಂದಳು.

"ಯಾರು ಹಾಕಿದ್ದು?"

"ನಾನು." ಅವಳ ಬೆರಳು ಗಂಟಿನ ಮೇಲೆಯೇ ನಿಂತಿತು. "ಯಾಕ ಹಾಕೀನಿ? ಹಗುರಿಂದಕ್ಕ ಯಾಕ ಗಂಟ ಹಾಕ್ಲಿ? ಗಂಟ ಹಾಕೂದು ನಿಲ್ಲಾಕ. ಹರವಿ..." ಅವಳು ಬಾಟಲಿಯನ್ನು ದೂರ ತಳ್ಳಿ ಕೈಯನ್ನು ಸೀರೆಗೆ ಒರೆಸಿಕೊಂಡಳು, ನೀಲಿ ತಾಗಿದ ಮಕ್ಕಳು ಒರೆಸಿಕೊಳ್ಳುವಂತೆ. "ಶಾಕು, ಸೋಮವಾರದ ಪೊಟ್ಟಣ."

ನಾನು ಫೋನಿನತ್ತ ಓಡಿದೆ. ಆಸ್ಪತ್ರೆಯಲ್ಲಿ ಎತ್ತಿದವರು ಪೂರ್ತಿ ಕೇಳಿಸಿಕೊಂಡರು. ಉಳಿದ ಪೊಟ್ಟಣಗಳನ್ನು ತೆಗೆದಿಡುತ್ತೇವೆ ಎಂದರು. ಆಮೇಲೆ, ಕೂಸು ಬೆಳಗಿನ ಜಾವವೇ ಹೋಯಿತು, ಈಗಷ್ಟೇ ಬೆಟಗೇರಿಗೆ ಒಯ್ದರು ಎಂದರು.

ನಾನು ಹೇಳಬೇಕಾಗಲಿಲ್ಲ. ನಾನು ಫೋನು ಇಟ್ಟ ರೀತಿಯಲ್ಲೇ ಅವ್ವನಿಗೆ ತಿಳಿಯಿತು. ಅವಳು ಕಲ್ಬತ್ತಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮುಗಳಿ ಸರ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು, ಚೀಟಿಯನ್ನು ಓದಿ, ಇಟ್ಟು, ಮತ್ತೆ ಎತ್ತಿ ಓದಿದರು. ಅವರ ತುಟಿ ನೂರು ಎಂದೇ ಆಡುತ್ತಿತ್ತು. ಅವರು ಅಳುತ್ತಿದ್ದರು. ಗಿರಿಮಲ್ಲ ಬಾಗಿಲಲ್ಲಿ ನಿಂತವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಕೂಟದ ಎಲ್ಲರಿಗೂ ಈಗಲೇ ಫೋನು ಮಾಡಿ ಎಲ್ಲ ಪುಡಿಗಳನ್ನೂ ನಿಲ್ಲಿಸು ಎಂದು ನಾನು ಹೇಳಿದ ಮೇಲೆ ಹೋದ.

ಅವ್ವ ಸ್ಟೂಲಿನ ಮೇಲಿಂದಲೇ ಹೇಳಿದಳು. "ಈ ಹೊತ್ತಿಗೆ ನನಗ ಗೊತ್ತೈತಿ. ಮಲಗಿ ಎದ್ರ ಹೋಗ್ತದ. ಅವ್ರು ಆರು ಮಂದಿ ಅದಾರ, ನಾ ಒಬ್ಬಾಕಿ. 'ನೀಲಿ ಹಗುರಿಂದು' ಅಂತ ಮತ್ತ ಅನ್ನಸ್ತದ."

ಎಳೆ ತೆಗೆಸು ಎಂದು ನಾನು ಅಂದೆ. ತೆಗೆಸುತ್ತೇನೆ ಅಂದಳು. ತೆಗೆದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸವೆದುಹೋದದ್ದು ತಿರುಗಿ ಬರುವುದಿಲ್ಲ. ಬೇರೆಯವರಿಂದ ಬಂದದ್ದು, ರಾತ್ರಿ ರಾತ್ರಿ ತಟ್ಟುವ ಎಳೆಯಿಲ್ಲದೆ, ನಿಲ್ಲುವುದಿಲ್ಲ. ಜುಬೇದಾಳ ನಗು ಹೋಗುತ್ತದೆ, ಅಪ್ಪನದು ಬರುವುದಿಲ್ಲ. ಆ ಜಾಗದಲ್ಲಿ ಏನೂ ಇರುವುದಿಲ್ಲ.

"ಆ ಕೂಸಿನ ಅವ್ವಗ ನಾನ ಹೇಳಬೇಕು, ನಿದ್ದಿ ಬರೂದ್ರೊಳಗ" ಅಂದಳು. "ನಡಿ ಬೆಟಗೇರಿಗೆ."

ಎದ್ದವಳು ಮೇಜಿನ ಬಳಿಯೇ ನಿಂತಳು. ಬಾಟಲಿ ಅಲ್ಲೇ ಇತ್ತು, ಬಿರಡೆ ತೆರೆದೇ. ಅದರ ಪಕ್ಕದಲ್ಲಿ, ನನ್ನ ರುಜುವಿಗೆಂದು ಗಿರಿಮಲ್ಲ ತಂದಿಟ್ಟಿದ್ದ ಕಾಗದದ ಮೇಲೆ, ಚಮಚದಿಂದ ಉದುರಿದ ಬಿಳಿ ಪುಡಿ ಚೆಲ್ಲಿತ್ತು. ನಾನು ಆ ಕಾಗದವನ್ನು ಪುಡಿ ಹಾರದಂತೆ ಮಡಿಸಿ ಕಸದ ಡಬ್ಬಿಗೆ ಹಾಕಿದೆ. ಹೊರಗಿನವಳನ್ನು ಅಕ್ಕತಂಗಿಯರು ಏನು ಮಾಡಿದರೆಂದು ಆಯಿ ಯಾಕೆ ಹೇಳಲಿಲ್ಲವೋ ನನಗೆ ಆಗ ಹೊಳೆಯಿತು. ಅವರು ಏನೂ ಮಾಡಿರಲಾರರು. ಸೀರೆ ಆಗಲೇ ಅರಮನೆ ಸೇರಿರಬೇಕು, ಅವಳು ಬಂದ ದಾರಿಯಲ್ಲೇ ತಿರುಗಿ ಹೋಗಿರಬೇಕು.

"ಇನ್ನೊಂದು ಸಲದ್ದು ಉಳದೈತಿ" ಎಂದಳು ಅವ್ವ.

ನಾನು ಬಿರಡೆ ಬಿಗಿದೆ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೊನೆಯ ಬೆಂಚಿನ ಹುಡುಗರಿಗೂ ಕೇಳುವಂತೆ ಅವಳು ಓದುತ್ತಿದ್ದ ಧ್ವನಿಯಲ್ಲೇ, ಔಷಧದ ಹೆಸರು ಓದಿದೆ. ಹತ್ತರಲ್ಲಿ ಒಂದು ಎಂದು ಓದಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಕೇಳಿ, ಸರಿ ಎಂದು ತಲೆಯಾಡಿಸಿದಳು.

ಬಾಟಲಿಯನ್ನು ಅದರ ಜಾಗದಲ್ಲಿ ಇಟ್ಟೆ.